ಕಂತು, ಕಾರ್ಡು, ಕೂಡಿಟ್ಟ ಹಣ: ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಬಹುಪಾಲು ಒಂದೇ ಸಂಕಟ ತೋಡಿಕೊಂಡಿವೆ. ಆದಾಯ ಇಳಿದಿಲ್ಲ, ದುಂದು ಮಾಡುತ್ತಿಲ್ಲ, ಆದರೂ ಕೈಯಲ್ಲಿ ಹಣ ನಿಲ್ಲುತ್ತಿಲ್ಲ. ಬರೆದವರೆಲ್ಲ ತಪ್ಪು ತಮ್ಮ ಸ್ವಭಾವದ್ದೇ ಎಂದುಕೊಂಡಿದ್ದಾರೆ. ನಮಗೆ ಹಾಗೆ ಕಾಣುವುದಿಲ್ಲ. ಸಾಲ ಯಾವ ರೂಪದಲ್ಲಿ ಬಂತು, ಹಣ ಯಾವ ತಾರೀಖಿಗೆ ಹೋಗುತ್ತದೆ, ಬಿಲ್ಲಿನಲ್ಲಿ ಯಾವ ಅಂಕಿ ಎದ್ದು ಕಾಣುತ್ತದೆ ಎಂಬ ಸಣ್ಣ ಸಂಗತಿಗಳೇ ಮನೆಯ ಖರ್ಚುವೆಚ್ಚವನ್ನು ಎಳೆದಾಡುತ್ತವೆ. ಕೆಳಗಿನ ಲೆಕ್ಕಗಳನ್ನು ಪೆನ್ನು ಹಿಡಿದು ನೀವೂ ಮಾಡಿ ನೋಡಿ.

ಪ್ರಶ್ನೆ: ಒಂದು ವಸ್ತುವಿಗೆ 1,20,000 ಅಂದರೆ ಬೇಡ ಅನ್ನಿಸುತ್ತದೆ. ತಿಂಗಳಿಗೆ 6,200 ಅಂದರೆ ಪರವಾಗಿಲ್ಲ ಅನ್ನಿಸುತ್ತದೆ. 24 ಕಂತು, 'ಶೇ 12 ಫ್ಲಾಟ್' ಅಂದಿದ್ದಾರೆ. ಇದು ಒಳ್ಳೆಯ ದರವೇ?

ಉತ್ತರ: ಅಲ್ಲ. ಫ್ಲಾಟ್ ಅಂದರೆ ನೀವು ಅಸಲು ತೀರಿಸುತ್ತಾ ಬಂದರೂ ಮೊದಲ ದಿನದ ಪೂರ್ತಿ ಸಾಲದ ಮೇಲೆಯೇ ಕೊನೆಯ ತನಕ ಬಡ್ಡಿ ಹಾಕುವುದು. 1,20,000ಕ್ಕೆ ವರ್ಷಕ್ಕೆ 14,400, ಎರಡು ವರ್ಷಕ್ಕೆ 28,800. ಅಸಲಿಗೆ ಸೇರಿಸಿದರೆ 1,48,800. 24ರಿಂದ ಭಾಗಿಸಿದರೆ 6,200. ಹನ್ನೆರಡು ಕಂತು ಕಟ್ಟಿ ಮುಗಿಸುವ ಹೊತ್ತಿಗೆ ನಿಮ್ಮ ಮೇಲೆ ಉಳಿದಿರುವ ಅಸಲು ಅರ್ಧಕ್ಕಿಂತ ತುಸು ಹೆಚ್ಚು ಅಷ್ಟೆ, ಬಡ್ಡಿ ಮಾತ್ರ ಪೂರ್ತಿಯ ಮೇಲೆ ಓಡುತ್ತಿರುತ್ತದೆ. ಉಳಿದ ಬಾಕಿಗೆ ಮಾತ್ರ ಬಡ್ಡಿ ಹಾಕುವ ಪದ್ಧತಿಯಲ್ಲಿ ಇದೇ ಶೇ 12ಕ್ಕೆ ಕಂತು 5,649 ಬೀಳುತ್ತಿತ್ತು, ಒಟ್ಟು ಬಡ್ಡಿ ಸುಮಾರು 15,570 ಆಗುತ್ತಿತ್ತು. ನಿಮ್ಮ 6,200ರ ಕಂತನ್ನು ಆ ಪದ್ಧತಿಯ ಲೆಕ್ಕಕ್ಕೆ ತಂದರೆ ದರ ಶೇ 21.5ರ ಆಸುಪಾಸು. ಎರಡು ಮೂರು ವರ್ಷದ ಸಾಲವಾದರೆ ಫ್ಲಾಟ್ ದರವನ್ನು 1.8ರಿಂದ ಗುಣಿಸಿ, ಅಂದಾಜು ಸಿಗುತ್ತದೆ. ನಿಖರವಾಗಿ ಬೇಕಿದ್ದರೆ ಸ್ಪ್ರೆಡ್‌ಶೀಟಿನ 'ರೇಟ್' ಸೂತ್ರಕ್ಕೆ ಕಂತುಗಳ ಸಂಖ್ಯೆ, ಕಂತು (ಋಣ ಚಿಹ್ನೆಯೊಂದಿಗೆ), ಸಾಲ, ಈ ಮೂರನ್ನು ಕೊಟ್ಟು ಬಂದ ಉತ್ತರವನ್ನು 12ರಿಂದ ಗುಣಿಸಿ.

ಇನ್ನು ಆ 'ಪರವಾಗಿಲ್ಲ' ಅನ್ನುವ ಭಾವನೆ. ಪೂರ್ತಿ ಬೆಲೆ ಕೇಳಿದಾಗ ಮನಸ್ಸು ಕೂಡಿಟ್ಟ ಹಣವನ್ನು ನೆನೆಯುತ್ತದೆ. ಕಂತು ಕೇಳಿದಾಗ ತಿಂಗಳ ಸಂಬಳವನ್ನು ನೆನೆಯುತ್ತದೆ. ವಸ್ತು ಅದೇ, ಅಳತೆಗೋಲು ಮಾತ್ರ ಬದಲಾಯಿತು. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂದು ಎಲ್ಲರಿಗೂ ಗೊತ್ತಿದೆ, ಆದರೆ ಕಂತಿನ ಮಾತು ಬಂದೊಡನೆ ಹಾಸಿಗೆ ಎಷ್ಟು ಉದ್ದ ಎಂಬುದೇ ಕಾಣದಾಗುತ್ತದೆ. ಅದಕ್ಕೆ ಹೊಸ ಕಂತಿಗೆ ಒಪ್ಪುವ ಮುಂಚೆ ಈಗಾಗಲೇ ಇರುವ ಕಂತುಗಳನ್ನೆಲ್ಲ ಒಂದರ ಕೆಳಗೊಂದು ಬರೆದು ಕೂಡಿಸಿ, ಅದರ ಕೆಳಗೆ ಹೊಸದನ್ನು ಬರೆಯಿರಿ. 6,200 ಒಂಟಿಯಾಗಿ ನಿಂತಾಗ ಚಿಕ್ಕದು. 14,000ದ ಪಟ್ಟಿಯ ಕೆಳಗೆ ಬಂದು ಕೂತಾಗ ಅದರ ಭಾರ ತಿಳಿಯುತ್ತದೆ.

'ಬಡ್ಡಿಯೇ ಇಲ್ಲದ ಕಂತು' ಎಂಬುದರ ಬಗ್ಗೆಯೂ ಮೂವರು ಕೇಳಿದ್ದಾರೆ. ಅಂಗಡಿಯಲ್ಲಿ ಕೇಳಬೇಕಾದ ಪ್ರಶ್ನೆ ಒಂದೇ: ಈಗಲೇ ಪೂರ್ತಿ ಕೊಟ್ಟರೆ ಎಷ್ಟು ಬಿಡುತ್ತೀರಿ? 24,000ದ ವಸ್ತುವನ್ನು ನಗದಿಗೆ 22,000ಕ್ಕೆ ಕೊಡುತ್ತಾರೆ ಎಂದುಕೊಳ್ಳಿ. ಕಂತಿನಲ್ಲಿ 2,000ದಂತೆ 12 ತಿಂಗಳು, ಮೊದಲಿಗೇ 500 ಪ್ರೊಸೆಸಿಂಗ್ ಫೀ. 22,000ದ ಮಾಲಿಗೆ ನೀವು ಕೊಟ್ಟದ್ದು 24,500. ಇದನ್ನು ಬಡ್ಡಿಯ ಲೆಕ್ಕಕ್ಕೆ ತಂದರೆ ವರ್ಷಕ್ಕೆ ಶೇ 21ಕ್ಕೆ ಹತ್ತಿರ. ನಗದಿಗೆ ಒಂದು ಕಾಸೂ ಬಿಡದೆ, ಫೀಯೂ ಇಲ್ಲದೆ ಕೊಟ್ಟರೆ ಮಾತ್ರ ಅದು ನಿಜವಾಗಿ ಬಡ್ಡಿಯಿಲ್ಲದ ಕಂತು. ಅಂಥದ್ದು ಸಿಕ್ಕರೆ ಧೈರ್ಯವಾಗಿ ತೆಗೆದುಕೊಳ್ಳಿ.

ಪ್ರಶ್ನೆ: ಕಾರ್ಡಿನ ಬಾಕಿ 50,000. ಪ್ರತಿ ತಿಂಗಳೂ ಬಿಲ್ಲಿನಲ್ಲಿ ಹೇಳಿದ ಮಿನಿಮಮ್ ಮೊತ್ತವನ್ನು ತಪ್ಪದೆ ಕಟ್ಟುತ್ತಿದ್ದೇನೆ, ಕಾರ್ಡ್ ಬಳಸುವುದನ್ನೂ ನಿಲ್ಲಿಸಿದ್ದೇನೆ. ಸಾಲ ಯಾಕೆ ಕರಗುತ್ತಿಲ್ಲ?

ಉತ್ತರ: ಕರಗುತ್ತಿದೆ, ಆದರೆ ಕಣ್ಣಿಗೆ ಕಾಣದಷ್ಟು ನಿಧಾನವಾಗಿ. ಬಡ್ಡಿ ತಿಂಗಳಿಗೆ ನೂರಕ್ಕೆ ಮೂರು, ಮಿನಿಮಮ್ ಮೊತ್ತ ಬಾಕಿಯ ಶೇ 5 ಎಂದು ಹಿಡಿಯೋಣ. ಮೊದಲ ತಿಂಗಳು 1,500 ಬಡ್ಡಿ ಸೇರಿ 51,500 ಆಗುತ್ತದೆ. ನೀವು 2,575 ಕಟ್ಟುತ್ತೀರಿ, 48,925 ಉಳಿಯುತ್ತದೆ. ಇಳಿದದ್ದು 1,075. ಮುಂದಿನ ತಿಂಗಳು ಬಾಕಿ ಕಡಿಮೆಯಾದ್ದರಿಂದ ಕಟ್ಟಬೇಕಾದ ಮಿನಿಮಮ್ಮೂ ಕಡಿಮೆಯಾಗುತ್ತದೆ. ನಿಮಗೆ ಹಗುರವಾಗುತ್ತಿದೆ ಅನ್ನಿಸುತ್ತದೆ. ಎಡವಟ್ಟಿರುವುದೇ ಅಲ್ಲಿ. ಹೀಗೆ ಒಂದು ವರ್ಷ ಕಟ್ಟಿದರೆ ನಿಮ್ಮ ಕೈಯಿಂದ ಸುಮಾರು 27,500 ಹೋಗಿರುತ್ತದೆ, ಸಾಲ ಮಾತ್ರ 38,500ರ ಬಳಿ ನಿಂತಿರುತ್ತದೆ. ಅದು ಅರ್ಧಕ್ಕಿಳಿಯಲು 32 ತಿಂಗಳು ಬೇಕು.

ಈಗ ಒಂದೇ ಒಂದು ಬದಲಾವಣೆ ಮಾಡಿ. ಮೊದಲ ತಿಂಗಳು ಕಟ್ಟಿದ 2,575ನ್ನೇ ಪ್ರತಿ ತಿಂಗಳೂ ಕಟ್ಟಿ. ಬಿಲ್ಲು ಎಷ್ಟೇ ಕಡಿಮೆ ಕೇಳಲಿ, ನೀವು ಇಳಿಸಬೇಡಿ. 30ನೇ ತಿಂಗಳಿಗೆ ಸಾಲ ಪೂರ್ತಿ ತೀರುತ್ತದೆ. ಮೊದಲ ತಿಂಗಳು ಕೊಟ್ಟದ್ದಕ್ಕಿಂತ ಒಂದು ಕಾಸನ್ನೂ ಹೆಚ್ಚಿಗೆ ಹೊಂದಿಸಬೇಕಾಗಿಲ್ಲ. ಬಿಲ್ಲಿನಲ್ಲಿ ಅಚ್ಚಾದ ಆ ಚಿಕ್ಕ ಅಂಕಿಯನ್ನು ಮನಸ್ಸು ಸಲಹೆ ಎಂದು ಓದುತ್ತದೆ, ಆದರೆ ದಂಡ ತಪ್ಪಿಸಿಕೊಳ್ಳಲು ಬೇಕಾದ ಕನಿಷ್ಠ ಮಾತ್ರ ಅದು. ಆಟೋ ಡೆಬಿಟ್ ಇಟ್ಟಿದ್ದರೆ ಅದರಲ್ಲಿ 'ಮಿನಿಮಮ್' ಎಂಬ ಆಯ್ಕೆ ಇದೆಯೇ ನೋಡಿ, ಇದ್ದರೆ ಇವತ್ತೇ ನಿಗದಿತ ಮೊತ್ತಕ್ಕೆ ಬದಲಿಸಿ. ಹಾಗೆ ಬದಲಿಸಲು ಅವಕಾಶ ಇಲ್ಲದಿದ್ದರೆ ಮಿನಿಮಮ್ ಅಲ್ಲೇ ಇರಲಿ, ಉಳಿದದ್ದನ್ನು ನೀವೇ ತಿಂಗಳ ಮೊದಲ ವಾರ ಕಟ್ಟಿ. ಬಾಕಿ ಇರುವಾಗ ಮಾಡಿದ ಹೊಸ ಖರೀದಿಗೆ ಬಡ್ಡಿಯಿಲ್ಲದ ದಿನಗಳ ಸೌಲಭ್ಯ ಸಾಮಾನ್ಯವಾಗಿ ಸಿಗುವುದಿಲ್ಲ, ಹಾಗಾಗಿ ಕಾರ್ಡ್ ಬದಿಗಿಟ್ಟದ್ದು ಸರಿಯಾಗಿಯೇ ಇದೆ.

ಕಾರ್ಡಿನ ಬಗ್ಗೆ ಇನ್ನೊಂದು ಮಾತು. ಡ್ರಾಜೆನ್ ಪ್ರೆಲೆಕ್ ಮತ್ತು ಡಂಕನ್ ಸಿಮೆಸ್ಟರ್ ಎಂಬ ಸಂಶೋಧಕರು 2001ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ ಬ್ಯಾಸ್ಕೆಟ್‌ಬಾಲ್ ಪಂದ್ಯದ ಟಿಕೆಟ್‌ಗಳನ್ನು ಹರಾಜಿಗಿಟ್ಟರು. ಕೆಲವರಿಗೆ ನಗದು ಕೊಡಬೇಕೆಂದೂ ಕೆಲವರಿಗೆ ಕಾರ್ಡಿನಲ್ಲಿ ಕೊಡಬೇಕೆಂದೂ ಹೇಳಿದ್ದರು. ಕಾರ್ಡಿನವರು ಕೂಗಿದ ಬೆಲೆ ನಗದಿನವರದ್ದರ ಹೆಚ್ಚುಕಡಿಮೆ ಇಮ್ಮಡಿ. ನೋಟು ಎಣಿಸಿ ಕೊಡುವಾಗ ಆಗುವ ಸಂಕಟ ಕಾರ್ಡ್ ಉಜ್ಜುವಾಗ ಆಗುವುದಿಲ್ಲ. ಫೋನಿನಲ್ಲಿ ಹಣ ಕಳಿಸುವವರಿಗೆ ಒಂದು ಉಪಾಯ: ದಿನಬಳಕೆಗೆ ಬೇರೆ ಖಾತೆ ಇಟ್ಟು, ವಾರಕ್ಕೆ ಬೇಕಾದಷ್ಟನ್ನೇ ಅದಕ್ಕೆ ಹಾಕಿಕೊಳ್ಳಿ. ಆ ಖಾತೆಯ ಹಣ ಇಳಿಯುವುದು ಕಣ್ಣಿಗೆ ಕಂಡರೆ ಪರ್ಸು ತೆಳ್ಳಗಾದಷ್ಟೇ ತಟ್ಟುತ್ತದೆ.

ಪ್ರಶ್ನೆ: ಉಳಿತಾಯ ಖಾತೆಯಲ್ಲಿ 90,000 ಇದೆ. ಕಾರ್ಡ್ ಸಾಲ 50,000 ಇದೆ. ಉಳಿತಾಯ ಮುಟ್ಟಲು ಮನಸ್ಸು ಬರುತ್ತಿಲ್ಲ. ಮನೆಯ ಖರ್ಚು ತಿಂಗಳಿಗೆ 30,000.

ಉತ್ತರ: ನಿಮ್ಮಂಥವರು ಬಹಳ ಜನ. ಹಣಕ್ಕೆ ಮನಸ್ಸಿನೊಳಗೆ ಬೇರೆಬೇರೆ ಡಬ್ಬಿ ಮಾಡಿಕೊಳ್ಳುವ ಈ ರೂಢಿಯನ್ನು ರಿಚರ್ಡ್ ಥೇಲರ್ 1980ರ ದಶಕದಲ್ಲಿ ವಿವರಿಸಿದರು. 2017ರಲ್ಲಿ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಬಂತು. ಶೇ 4ರ ಖಾತೆಯಲ್ಲಿ 50,000ಕ್ಕೆ ವರ್ಷಕ್ಕೆ 2,000 ಬರುತ್ತದೆ. ಅದೇ 50,000ದ ಸಾಲಕ್ಕೆ ಶೇ 36ರಂತೆ 18,000 ಹೋಗುತ್ತದೆ. ಎರಡು ಡಬ್ಬಿಯ ನಡುವಿನ ಗೋಡೆಗೆ ನೀವು ವರ್ಷಕ್ಕೆ 16,000 ಬಾಡಿಗೆ ಕೊಡುತ್ತಿದ್ದೀರಿ.

ಹಾಗಂತ ನಿಮ್ಮ ಹಿಂಜರಿಕೆ ದಡ್ಡತನವೇನಲ್ಲ. ಕೈಯಲ್ಲಿರುವ ಹಣ ಅಡ್ಡಿಯಿಲ್ಲದೆ ಸಿಗುತ್ತದೆ. ಸಾಲ ಕೊಡುವವರು ಸರಿಯಾಗಿ ನಿಮಗೆ ಬೇಕಾದ ದಿನವೇ, ಅಂದರೆ ಕೆಲಸ ಹೋದಾಗ, ಕಾರ್ಡಿನ ಮಿತಿ ಇಳಿಸಬಹುದು. ಆದ್ದರಿಂದ ಪೂರ್ತಿ ಬರಿದು ಮಾಡಬೇಡಿ. ಸಾಲ ತೀರಿಸಿದರೂ 40,000 ಉಳಿಯುತ್ತದೆ, ಒಂದು ತಿಂಗಳ ಖರ್ಚಿಗೆ ಸಾಕಾಗಿ ಮಿಗುತ್ತದೆ. ಕೆಲಸ ಭದ್ರವಾಗಿದ್ದರೆ ಈಗಲೇ ಪೂರ್ತಿ ತೀರಿಸಿ. ಅಲುಗಾಡುತ್ತಿದ್ದರೆ ಅರ್ಧ ತೀರಿಸಿ, ಉಳಿದದ್ದಕ್ಕೆ ಮೇಲೆ ಹೇಳಿದ ನಿಗದಿತ ಕಂತಿನ ದಾರಿ ಹಿಡಿಯಿರಿ.

ಇಲ್ಲಿ ಜನ ಎಡವುವುದು ಸಾಲ ತೀರಿದ ಮಾರನೆಯ ತಿಂಗಳು. ಕಂತಿಗೆ ಹೋಗುತ್ತಿದ್ದ ಹಣ ಬಿಡುವಾಯಿತಲ್ಲ, ಅದು ಹೇಗೋ ಖರ್ಚಾಗಿ ಹೋಗುತ್ತದೆ, ವರ್ಷದೊಳಗೆ ಕಾರ್ಡ್ ಮತ್ತೆ ತುಂಬುತ್ತದೆ. ನಿಮ್ಮ ಭಯವೂ ಬಹುಶಃ ಇದೇ. ಸಾಲಕ್ಕೆ ತಿಂಗಳಿಗೆ 5,000 ಕಟ್ಟುತ್ತಿದ್ದರೆ ಅದೇ ತಾರೀಖಿಗೆ ಅದೇ 5,000 ಉಳಿತಾಯ ಖಾತೆಗೆ ಹೋಗುವಂತೆ ಬ್ಯಾಂಕಿಗೆ ಸೂಚನೆ ಕೊಡಿ. ಸೂಚನೆ ಮೊದಲು, ಸಾಲ ತೀರಿಸುವುದು ಆಮೇಲೆ. ಹತ್ತು ತಿಂಗಳಲ್ಲಿ ತೆಗೆದ 50,000 ಮತ್ತೆ ತುಂಬಿಕೊಳ್ಳುತ್ತದೆ.

ಪ್ರಶ್ನೆ: ತಿಂಗಳ ಕೊನೆಗೆ ಉಳಿದದ್ದನ್ನು ಕೂಡಿಡೋಣ ಅಂದುಕೊಳ್ಳುತ್ತೇನೆ. ಯಾವತ್ತೂ ಉಳಿಯುವುದಿಲ್ಲ.

ಉತ್ತರ: ಉಳಿಯುವುದೂ ಇಲ್ಲ. ಸಂಬಳ ಬಂದ ಮಾರನೆಯ ದಿನವೇ ತಾನಾಗಿ ಬೇರೆ ಖಾತೆಗೆ ಹೋಗುವಂತೆ ಮಾಡಿ, ಆಮೇಲೆ ಉಳಿದದ್ದನ್ನು ಖರ್ಚು ಮಾಡಿ. ಬ್ರಿಜಿಟ್ ಮೇಡ್ರಿಯನ್ ಮತ್ತು ಡೆನಿಸ್ ಶೇ ಎಂಬ ಸಂಶೋಧಕರು ಅಮೆರಿಕದ ಒಂದು ದೊಡ್ಡ ಕಂಪನಿಯ ನಿವೃತ್ತಿ ಉಳಿತಾಯ ಯೋಜನೆಯನ್ನು ಅಧ್ಯಯನ ಮಾಡಿ 2001ರಲ್ಲಿ ಪ್ರಕಟಿಸಿದರು. ಅರ್ಜಿ ತುಂಬಿ ಸೇರಬೇಕಾಗಿದ್ದಾಗ ಹೊಸ ನೌಕರರಲ್ಲಿ ಶೇ 49 ಮಂದಿ ಸೇರಿದ್ದರು. ತಾನಾಗಿ ಸೇರಿಸಿ, ಬೇಡವಾದವರು ಹೊರಗೆ ಬರಲಿ ಎಂದು ಮಾಡಿದ ಮೇಲೆ ಶೇ 86 ಮಂದಿ ಉಳಿದುಕೊಂಡರು. ಆದರೆ ಬಹಳಷ್ಟು ಜನ ಕಂಪನಿ ಇಟ್ಟ ಸಂಬಳದ ಶೇ 3ರ ಮಟ್ಟದಲ್ಲೇ ಕೂತುಬಿಟ್ಟರು, ಅದನ್ನು ಏರಿಸುವ ಗೋಜಿಗೆ ಹೋಗಲಿಲ್ಲ. ಅದಕ್ಕೂ ಮದ್ದಿದೆ. ಥೇಲರ್ ಮತ್ತು ಶ್ಲೋಮೊ ಬೆನಾರ್ಟ್ಜಿ 2004ರಲ್ಲಿ ವಿವರಿಸಿದ ಯೋಜನೆಯಲ್ಲಿ ಪ್ರತಿ ಸಂಬಳ ಏರಿಕೆಯ ಜೊತೆಗೇ ಉಳಿತಾಯದ ಪಾಲೂ ಏರುವಂತೆ ನೌಕರರು ಮೊದಲೇ ಒಪ್ಪಿಕೊಂಡರು. 40 ತಿಂಗಳಲ್ಲಿ ಅವರ ಉಳಿತಾಯ ಸಂಬಳದ ಶೇ 3.5ರಿಂದ ಶೇ 13.6ಕ್ಕೆ ಏರಿತು. ಕೈಗೆ ಬರುವ ಸಂಬಳ ಇಳಿಯದಿದ್ದರೆ ಕಳೆದುಕೊಂಡಂತೆ ಅನ್ನಿಸುವುದು ಕಡಿಮೆ.

ನೀವು ಶೇ 5ರಿಂದ ಶುರು ಮಾಡಿ, ಪ್ರತಿ ಏರಿಕೆಯ ಅರ್ಧವನ್ನು ಉಳಿತಾಯಕ್ಕೆ ಸೇರಿಸುತ್ತಾ ಹೋಗಿ. ತಾರೀಖಿನ ಬಗ್ಗೆ ಎಚ್ಚರ ಇರಲಿ. ಸಂಬಳ ಒಂದು ದಿನ ತಡವಾದರೆ ಆಟೋ ಡೆಬಿಟ್ ಬೌನ್ಸ್ ಆಗಿ ಬ್ಯಾಂಕಿನವರೂ ಸಾಲ ಕೊಟ್ಟವರೂ ದಂಡ ಹಾಕುವುದುಂಟು. ಸಾಲದ ಕಂತಿಗೆ ಸಂಬಳದ ನಂತರ ಮೂರ್ನಾಲ್ಕು ದಿನ ಬಿಟ್ಟು ತಾರೀಖು ಕೇಳಿ ಹಾಕಿಸಿಕೊಳ್ಳಿ. ತಾನಾಗಿ ಹೋಗುವ ಹಣದ ಗುಣ ಇನ್ನೊಂದು ದಿಕ್ಕಿಗೂ ಕೆಲಸ ಮಾಡುತ್ತದೆ: ಮೂರು ತಿಂಗಳ ಸ್ಟೇಟ್‌ಮೆಂಟ್ ತೆಗೆದು, ಒಂದೇ ಹೆಸರಿಗೆ ಮತ್ತೆ ಮತ್ತೆ ಹೋಗಿರುವ ಮೊತ್ತಗಳಿಗೆ ಗೆರೆ ಎಳೆಯಿರಿ. ಉಚಿತ ಎಂದು ಶುರುವಾಗಿ ಮರೆತುಹೋದ ಚಂದಾ ಒಂದೆರಡಾದರೂ ಸಿಗುತ್ತವೆ.

ಪ್ರಶ್ನೆ: ನಮ್ಮದು ತಿಂಗಳ ಸಂಬಳದ ಮನೆಯಲ್ಲ. ಒಂದು ತಿಂಗಳು 45,000 ಬಂದರೆ ಇನ್ನೊಂದು ತಿಂಗಳು 18,000. ಬಜೆಟ್ ಮಾಡುವುದು ಹೇಗೆ?

ಉತ್ತರ: ನಿಮಗೆ ನೀವೇ ಸಂಬಳ ಕೊಟ್ಟುಕೊಳ್ಳಬೇಕು. ಹಿಂದಿನ 12 ತಿಂಗಳ ಆದಾಯ ಬರೆದು, ಅತಿ ಕಡಿಮೆ ಬಂದ ಮೂರು ತಿಂಗಳನ್ನು ಆರಿಸಿ ಸರಾಸರಿ ತೆಗೆಯಿರಿ. 18,000, 19,000, 20,000 ಇದ್ದರೆ 19,000. ಸದ್ಯಕ್ಕೆ ಇದು ನಿಮ್ಮ ಸಂಬಳ. ಬಂದ ಹಣವೆಲ್ಲ ಒಂದು ಖಾತೆಗೆ ಬೀಳಲಿ, ಅಲ್ಲಿಂದ ಪ್ರತಿ ತಿಂಗಳು ಒಂದೇ ತಾರೀಖಿಗೆ 19,000 ಮನೆ ಖರ್ಚಿನ ಖಾತೆಗೆ ಹೋಗಲಿ. ಒಳ್ಳೆಯ ತಿಂಗಳ ಹೆಚ್ಚುವರಿ ಮೊದಲ ಖಾತೆಯಲ್ಲೇ ನಿಲ್ಲಬೇಕು. ಅಲ್ಲಿ ಮೂರು ತಿಂಗಳ ಸಂಬಳ, ಅಂದರೆ 57,000 ನಿಂತ ಮೇಲೆ ಸಂಬಳವನ್ನು ತುಸು ಏರಿಸಿಕೊಳ್ಳಿ.

ವರ್ಷಕ್ಕೊಮ್ಮೆ ಬರುವ ಖರ್ಚುಗಳು, ಶಾಲೆಯ ಫೀ, ವಿಮೆ, ತೆರಿಗೆ, ಗಾಡಿ ರಿಪೇರಿ, ಇವು 'ಅನಿರೀಕ್ಷಿತ' ಅಲ್ಲ. ಒಟ್ಟು 36,000 ಆಗುವುದಾದರೆ ತಿಂಗಳಿಗೆ 3,000ದಂತೆ ಮೊದಲ ಖಾತೆಯಿಂದಲೇ ಎತ್ತಿಡಿ. ಇದನ್ನು ಮಾಡದ ಮನೆಗಳಲ್ಲಿ ಶಾಲೆ ಶುರುವಾಗುವ ತಿಂಗಳು ಕೈಗಡ, ಆಮೇಲೆ ಆರು ತಿಂಗಳು ಅದರ ಬಡ್ಡಿ.

ಎಲ್ಲಕ್ಕಿಂತ ದೊಡ್ಡ ಅಪಾಯ ಒಳ್ಳೆಯ ತಿಂಗಳಿನಲ್ಲಿ ತೆಗೆದುಕೊಂಡ ಕಂತು. 45,000 ಬಂದ ತಿಂಗಳು 9,000ದ ಕಂತು ಐದನೇ ಒಂದು ಭಾಗ. 18,000ದ ತಿಂಗಳು ಅದು ಅರ್ಧ. ಕಂತನ್ನು ಯಾವಾಗಲೂ ಬಡವಾದ ತಿಂಗಳಿನ ಎದುರು ಅಳೆಯಿರಿ.

ಪ್ರಶ್ನೆ: ಠೇವಣಿಗೆ ಶೇ 7 ಬಡ್ಡಿ ಬರುತ್ತಿದೆ. ಬೆಲೆಗಳು ಶೇ 6 ಏರುತ್ತಿವೆ. ಲಾಭವೇ ಅಲ್ಲವೇ?

ಉತ್ತರ: ತೆಳು ಲಾಭ. 1.07ನ್ನು 1.06ರಿಂದ ಭಾಗಿಸಿದರೆ ಕೊಳ್ಳುವ ಶಕ್ತಿ ವರ್ಷಕ್ಕೆ ಶೇ 0.94 ಹೆಚ್ಚಿದಂತೆ. ಬಡ್ಡಿಯ ಮೇಲೆ ಶೇ 20 ತೆರಿಗೆ ಇದ್ದರೆ ಕೈಗೆ ಬರುವುದು 5.6, ಆಗ ಶಕ್ತಿ ಇಳಿದಂತೆಯೇ. ಪಾಸ್‌ಬುಕ್ಕಿನ ಅಂಕಿ ಏರುವುದನ್ನೇ ಸಂಪತ್ತು ಎಂದು ಕಾಣುವುದನ್ನು ಅರ್ಥಶಾಸ್ತ್ರಜ್ಞ ಇರ್ವಿಂಗ್ ಫಿಶರ್ 1928ರಲ್ಲೇ ಹಣದ ಭ್ರಮೆ ಎಂದು ಕರೆದಿದ್ದರು. ಆದರೂ ಆಪತ್ತಿಗೆಂದು ಇಟ್ಟ ಹಣ ಠೇವಣಿಯಲ್ಲೇ ಇರಲಿ, ಅದರ ಕೆಲಸ ಬೆಳೆಯುವುದಲ್ಲ, ಕರೆದಾಗ ಬರುವುದು. ಹತ್ತು ಹದಿನೈದು ವರ್ಷ ಬೇಡದ ಹಣಕ್ಕೆ ಮಾತ್ರ ಈ ಪ್ರಶ್ನೆ ಗಂಭೀರ. 72ನ್ನು ಏರಿಕೆ ದರದಿಂದ ಭಾಗಿಸಿ: ಶೇ 6ರಂತೆ 12 ವರ್ಷಕ್ಕೆ ಬೆಲೆಗಳು ಇಮ್ಮಡಿಯಾಗುತ್ತವೆ.

ಪ್ರಶ್ನೆ: ಮನೆ ಸಾಲ 30 ಲಕ್ಷ, 20 ವರ್ಷ, ಶೇ 9. ದರ ಶೇ 10 ಆಗಿದೆ ಎಂದು ಸಂದೇಶ ಬಂತು, ಆದರೆ ಕಂತು ಅಷ್ಟೇ ಇದೆ. ನೆಮ್ಮದಿಯಾಗಿರಬಹುದೇ?

ಉತ್ತರ: ಇರಬೇಡಿ. ಈ ಪತ್ರ ಬರೆದದ್ದಕ್ಕೆ ನಿಮಗೆ ನಿಜಕ್ಕೂ ಧನ್ಯವಾದ, ಯಾಕೆಂದರೆ ಇದೇ ಸಂದೇಶವನ್ನು ಓದಿ ನಿಟ್ಟುಸಿರು ಬಿಟ್ಟು ಅಳಿಸಿಹಾಕುವವರು ಬಹಳ. ನಿಮ್ಮ ಕಂತು 26,992. ಶೇ 9ರಲ್ಲಿ ಮೊದಲ ತಿಂಗಳ ಬಡ್ಡಿಯೇ 22,500, ಅಸಲಿಗೆ ಹೋಗುವುದು 4,492. ದರ ಶೇ 10 ಆದರೆ ಬಡ್ಡಿ 25,000. ಅಸಲಿಗೆ 1,992 ಮಾತ್ರ. ಸಾಲದ ಆರಂಭದಲ್ಲೇ ಇದಾಗಿ ಕಂತು ಹಾಗೇ ಇಟ್ಟರೆ 240 ತಿಂಗಳ ಸಾಲ ಸುಮಾರು 314 ತಿಂಗಳಿಗೆ ಹಿಗ್ಗುತ್ತದೆ. ಆರು ವರ್ಷಕ್ಕೂ ಹೆಚ್ಚು. ಶೇ 11 ಆದರೆ ಬಡ್ಡಿಯೇ 27,500, ಕಂತಿಗಿಂತ ಹೆಚ್ಚು. ಆಗ ನೀವು ಕಟ್ಟುತ್ತಿದ್ದರೂ ಸಾಲ ಬೆಳೆಯುತ್ತಿರುತ್ತದೆ.

ಅವಧಿ ಬದಲಾಗದಿರಲು ಕಂತು 28,951 ಆಗಬೇಕು, ಅಂದರೆ ತಿಂಗಳಿಗೆ 1,959 ಹೆಚ್ಚು. ಕೈಲಾಗುವುದಾದರೆ ಇದನ್ನೇ ಆರಿಸಿ. ಸಾಲ ಕೊಟ್ಟವರಲ್ಲಿ ಎರಡು ಕಾಗದ ಕೇಳಿ: ಉಳಿದ ಕಂತುಗಳ ಹೊಸ ಪಟ್ಟಿ ಮತ್ತು ಅದೇ ಅವಧಿಗೆ ಬೇಕಾದ ಹೊಸ ಕಂತಿನ ಮೊತ್ತ. ಹೊಸ ಸಾಲಗಾರರಿಗೆ ಅವರು ಕಡಿಮೆ ದರ ಕೊಡುತ್ತಿದ್ದರೆ ನಿಮಗೂ ಆ ದರಕ್ಕೆ ಬದಲಿಸಿಕೊಡುವಂತೆ ಬರವಣಿಗೆಯಲ್ಲಿ ಕೇಳಿ, ಬದಲಿಸುವ ಶುಲ್ಕವನ್ನೂ ಕೇಳಿ.

ದರ ಏರದವರಿಗೂ ಒಂದು ಲೆಕ್ಕ. ಇದೇ ಸಾಲಕ್ಕೆ ಶೇ 9ರಲ್ಲಿ ಮೊದಲಿನಿಂದಲೇ ತಿಂಗಳಿಗೆ 2,249 ಹೆಚ್ಚು ಕಟ್ಟಿದರೆ, ಅಂದರೆ ವರ್ಷಕ್ಕೆ ಒಂದು ಕಂತಿನಷ್ಟು, ಸಾಲ 240ರ ಬದಲು 197 ತಿಂಗಳಿಗೆ ತೀರುತ್ತದೆ. ಮುಂಗಡ ಕಟ್ಟುವಾಗ 'ಅವಧಿ ಇಳಿಸಿ' ಎಂದು ಸ್ಪಷ್ಟವಾಗಿ ಬರೆದುಕೊಡಿ. ಕಂತು ಇಳಿಸಿದರೆ ಆ ಬಿಡುವಾದ ಹಣ ಎಲ್ಲಿ ಹೋಗುತ್ತದೆಂದು ಮೇಲೆಯೇ ಹೇಳಿದ್ದೇವೆ. ಆದಾಯ ನಿಜಕ್ಕೂ ಇಕ್ಕಟ್ಟಿನಲ್ಲಿದ್ದವರಿಗೆ ಮಾತ್ರ ಕಂತು ಇಳಿಸುವುದು ಸರಿ.

ಪ್ರಶ್ನೆ: ಮನೆಯ ಲೆಕ್ಕವೆಲ್ಲ ಯಜಮಾನರೇ ನೋಡಿಕೊಳ್ಳುತ್ತಾರೆ. ಯಾವ ಸಾಲ ಎಷ್ಟಿದೆ ಎಂದು ನನಗೆ ಗೊತ್ತಿಲ್ಲ. ಕೇಳಿದರೆ ನಿನಗೆ ಯಾಕೆ ಚಿಂತೆ ಅನ್ನುತ್ತಾರೆ.

ಉತ್ತರ: ಚಿಂತೆ ತಪ್ಪಿಸಲೆಂದೇ ಅವರು ಮುಚ್ಚಿಟ್ಟಿರಬಹುದು, ಆದರೂ ನೀವು ಕೇಳಲೇಬೇಕು. ನಾಳೆ ಅವರು ಆಸ್ಪತ್ರೆಯಲ್ಲಿ ಮಲಗಿದರೆ ಕಂತಿನ ತಾರೀಖು ಯಾರಿಗೂ ತಿಳಿದಿರುವುದಿಲ್ಲ, ದಂಡ ಮಾತ್ರ ಬೀಳುತ್ತಾ ಹೋಗುತ್ತದೆ. 'ಎಷ್ಟು ಸಾಲ ಮಾಡಿದ್ದೀರಿ' ಎಂದು ಕೇಳಿದರೆ ಉತ್ತರ ಬರುವುದಿಲ್ಲ, ಅದು ವಿಚಾರಣೆಯಂತೆ ಕೇಳಿಸುತ್ತದೆ. 'ನೀವಿಲ್ಲದಾಗ ನಾನು ಏನೇನು ಕಟ್ಟಬೇಕು, ಬರೆದುಕೊಡಿ' ಎಂದು ಕೇಳಿ. ಒಂದು ಹಾಳೆಯಲ್ಲಿ ಐದು ಸಾಲು ಸಾಕು: ಯಾರಿಗೆ ಕೊಡಬೇಕು, ಉಳಿದ ಬಾಕಿ, ದರ, ಕಂತಿನ ತಾರೀಖು, ಕೊನೆಯ ಕಂತಿನ ತಿಂಗಳು. ಆ ಹಾಳೆಯನ್ನು ವಿಮೆಯ ಕಾಗದಗಳ ಜೊತೆಗಿಟ್ಟು, ಆರು ತಿಂಗಳಿಗೊಮ್ಮೆ ಬಾಕಿಯ ಅಂಕಿಯನ್ನು ಇಬ್ಬರೂ ಕೂತು ತಿದ್ದಿ ಬರೆಯಿರಿ.